ಎಲ್ಲರಂತೆಯೋ, ಎಲ್ಲರೊಡನೆಯೋ

ಅಕ್ಟೋಬರ್ ತಿಂಗಳ ಒಂದು ಗುರುವಾರ ಆಫೀಸಿಗೆ ರಜೆ ಹಾಕಿ ಮೀನು ಹಿಡಿಯಲು ಹೋಗಿದ್ದೆ. ಹಿಂದಿನ ಎರಡು ತಿಂಗಳು ಹಗಲು ರಾತ್ರಿ ಎನ್ನದೆ ಕಂಪ್ಯೂಟರ್ ಮುಂದೆ ಕೂತು ಸಾಕಾಗಿತ್ತು. ಒಂದು ದಿನ ಫೋನು ಮುಟ್ಟದೆ, ಯಾರಿಗೂ ಉತ್ತರ ಕೊಡದೆ, ನೀರಿನ ಪಕ್ಕ ಸುಮ್ಮನೆ ನಿಂತಿರಬೇಕು ಅನ್ನುವುದಷ್ಟೇ ಆಸೆ. ಮೀನು ಸಿಕ್ಕರೆ ಸಾರು, ಸಿಗದಿದ್ದರೆ ಫ್ಲಾಸ್ಕಿನ ಕಾಫಿ.

ನಾನಿರುವುದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ. ಹೋಗಿದ್ದು ಪ್ಯುಯಾಲಪ್ ಎಂಬ ನದಿಗೆ. ಈ ಹೆಸರು ನನ್ನ ನಾಲಿಗೆಗೆ ಹೊಂದಿಕೊಳ್ಳಲು ಒಂದು ವರ್ಷ ಹಿಡಿಯಿತು. ರೇನಿಯರ್ ಪರ್ವತದ ಹಿಮನದಿಗಳಲ್ಲಿ ಹುಟ್ಟಿ, ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಹರಿದು, ಟಕೋಮ ನಗರದ ಹತ್ತಿರ ಕಡಲಿನ ಕೊಲ್ಲಿಯನ್ನು ಸೇರುತ್ತದೆ. ಹಿಮ ಬಂಡೆಗಳನ್ನು ಅರೆದು ಮಾಡಿದ ನುಣ್ಣನೆಯ ಹಿಟ್ಟು ನೀರಿನಲ್ಲಿ ಬೆರೆತಿರುವುದರಿಂದ ನದಿಯ ಬಣ್ಣ ನಮ್ಮ ಮನೆಯ ಅಕ್ಕಚ್ಚಿನದು. ಆ ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿತ್ತು. ದಡದ ಮೇಪಲ್ ಮರಗಳು ಊಟದ ತಟ್ಟೆಯಷ್ಟು ಅಗಲದ ಹಳದಿ ಎಲೆಗಳನ್ನು ಒಂದೊಂದಾಗಿ ಬಿಡುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ಮಂಜು ಹರಿದು, ಆಗ್ನೇಯಕ್ಕೆ ರೇನಿಯರ್ ತನ್ನ ಬಿಳಿ ತಲೆಯನ್ನು ತೋರಿಸಿತು.

ಸಾಲ್ಮನ್ ಮೀನಿನ ಕಥೆ ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ನಾನು ಸೊರಬದ ಕಡೆಯವನು. ಮಳೆಗಾಲದ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಮೀನು ಹತ್ತುತ್ತವಲ್ಲ, ನಾವು ಹತ್ತುಮೀನು ಎನ್ನುತ್ತೇವಲ್ಲ, ಅದನ್ನೇ ಸಾವಿರಾರು ಕಿಲೋಮೀಟರ್‌ಗೆ ಹಿಗ್ಗಿಸಿ ನೋಡಬೇಕು. ಸಾಲ್ಮನ್ ನದಿಯ ಸಿಹಿನೀರಿನಲ್ಲಿ ಹುಟ್ಟುತ್ತದೆ, ಮರಿಯಾಗಿ ಕಡಲಿಗೆ ಇಳಿಯುತ್ತದೆ, ಪೆಸಿಫಿಕ್ ಸಾಗರದಲ್ಲಿ ಬೆಳೆಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ಹುಟ್ಟಿದ ಹಳ್ಳದ ವಾಸನೆ ಹಿಡಿದು ಅದೇ ನದಿಗೆ ಮರಳುತ್ತದೆ. ನದಿ ಹೊಕ್ಕ ಮೇಲೆ ಊಟ ಬಿಡುತ್ತದೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಈ ಕರಾವಳಿಯ ಮೂಲನಿವಾಸಿಗಳು ವರ್ಷದ ಮೊದಲ ಸಾಲ್ಮನ್ ಅನ್ನು ಅತಿಥಿಯಂತೆ ಬರಮಾಡಿಕೊಂಡು, ಹಂಚಿಕೊಂಡು ತಿಂದು, ಮೂಳೆಗಳನ್ನು ನೀರಿಗೇ ಹಿಂತಿರುಗಿಸುತ್ತಾರೆ. ಮುಂದಿನ ವರ್ಷವೂ ಬಾ ಎಂದು ಕಳಿಸಿಕೊಡುವ ಕ್ರಮ ಅದು.

ನನ್ನ ಪಕ್ಕ ಎಪ್ಪತ್ತು ದಾಟಿದ ಒಬ್ಬ ಬಿಳಿಯ ಅಜ್ಜ ಎದೆಮಟ್ಟದ ರಬ್ಬರ್ ಉಡುಪು ತೊಟ್ಟು ಮೊಣಕಾಲು ನೀರಿನಲ್ಲಿ ನಿಂತಿದ್ದ. ನಾನು ಗಾಳ ಎಸೆಯುವ ರೀತಿ ನೋಡಿ ನಕ್ಕು, ಸೀಸದ ಗುಂಡು ಇನ್ನಷ್ಟು ಹಗುರವಿರಲಿ, ಅದು ತಳವನ್ನು ಮುಟ್ಟಿಯೂ ಮುಟ್ಟದ ಹಾಗೆ ಉರುಳಬೇಕು ಎಂದು ಹೇಳಿಕೊಟ್ಟ. ಮಾತಿನ ನಡುವೆ, ಇವತ್ತು ಯಾಕೆ ಬಂದೆ, ಶನಿವಾರ ರಜೆ ಇರುತ್ತದಲ್ಲ ಎಂದು ಕೇಳಿದ. ಶನಿವಾರ ಹೆಗಲಿಗೆ ಹೆಗಲು ತಾಗುವಷ್ಟು ಜನ, ಬೇರೆ ಕೆಲವು ದಿನ ನದಿಯೇ ನಮಗೆ ಮುಚ್ಚಿರುತ್ತದೆ ಎಂದೆ. ನಿಜ, ಸಾಲ್ಮನ್ ಹತ್ತುವ ಕಾಲದಲ್ಲಿ ವಾರದ ಕೆಲವು ದಿನ ಗಾಳದವರು ಇಲ್ಲಿಗೆ ಇಳಿಯುವಂತಿಲ್ಲ. ಆ ದಿನ ಪ್ಯುಯಾಲಪ್ ಬುಡಕಟ್ಟಿನವರ ಬಲೆ ಬೀಳುತ್ತದೆ.

“ನದಿಯಲ್ಲಿ ಅರ್ಧ ಅವರದು, ಗೊತ್ತಲ್ಲ?” ಎಂದ ಅಜ್ಜ. ಸ್ವಲ್ಪ ತಡೆದು, “ಅದೇ ವರ್ಷ ನನ್ನಪ್ಪ ದೋಣಿ ಮಾರಿದ್ದು” ಎಂದು ಸೇರಿಸಿದ.

ನನಗೆ ಗೊತ್ತಿರಲಿಲ್ಲ. ನನ್ನ ಜೇಬಿನಲ್ಲಿ ರಾಜ್ಯ ಸರ್ಕಾರದ ಪರವಾನಗಿ ಇತ್ತು. ದುಡ್ಡು ಕಟ್ಟಿ ತೆಗೆದುಕೊಂಡಿದ್ದೆ. ಮೀನು ಸರ್ಕಾರದ್ದು, ಸರ್ಕಾರ ನನಗೆ ಕೊಟ್ಟಿದೆ, ಬುಡಕಟ್ಟಿನವರಿಗೂ ಏನೋ ಮೀಸಲಾತಿ ಕೊಟ್ಟಿದೆ ಎಂದುಕೊಂಡಿದ್ದೆ. ಆ ಅರ್ಧದ ಲೆಕ್ಕ ಎಲ್ಲಿಂದ ಬಂತು ಎಂದು ಆಮೇಲಿನ ಚಳಿಗಾಲವಿಡೀ ಓದಿದೆ. ಓದುತ್ತಾ ಹೋದ ಹಾಗೆ ನಾನು ಅಂದುಕೊಂಡಿದ್ದು ತಲೆಕೆಳಗಾಯಿತು.

ಕಥೆ 1854ರ ಡಿಸೆಂಬರ್ 26ರಿಂದ ಶುರುವಾಗುತ್ತದೆ. ವಾಷಿಂಗ್ಟನ್ ಆಗಿನ್ನೂ ರಾಜ್ಯವಲ್ಲ, ವರ್ಷದ ಹಿಂದಷ್ಟೇ ಹುಟ್ಟಿದ್ದ ಟೆರಿಟರಿ. ಅಲ್ಲಿದ್ದ ವಲಸಿಗರು ಸುಮಾರು 4,000 ಮಂದಿ. ಅದರ ಮೊದಲ ಗವರ್ನರ್ ಐಸಾಕ್ ಸ್ಟೀವನ್ಸ್, ವಯಸ್ಸು 36. ರೈಲು ಬರಬೇಕು, ವಲಸಿಗರು ಬರಬೇಕು, ಅದಕ್ಕೆ ನೆಲ ಬೇಕು; ಆದಷ್ಟು ಬೇಗ ಬುಡಕಟ್ಟುಗಳಿಂದ ಬರೆಸಿಕೊಳ್ಳಬೇಕು ಎಂಬ ಆತುರದ ಮನುಷ್ಯ. ಮೆಡಿಸಿನ್ ಕ್ರೀಕ್ ಎಂಬ ಹಳ್ಳದ ದಡದಲ್ಲಿ ನಿಸ್ಕ್ವಾಲಿ, ಪ್ಯುಯಾಲಪ್ ಮುಂತಾದವರ ಮುಖಂಡರನ್ನು ಸೇರಿಸಿದ. ಅವರು ಇಪ್ಪತ್ತು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಇಪ್ಪತ್ತು ವರ್ಷಗಳಲ್ಲಿ ಕಂತು ಕಂತಾಗಿ 32,500 ಡಾಲರ್, ಮತ್ತು ಇರಲು ಮೂರು ಸಣ್ಣ ತುಂಡು ಮೀಸಲು ನೆಲ.

ಒಂದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ತಾವು ಯಾವಾಗಲೂ ಮೀನು ಹಿಡಿಯುತ್ತಾ ಬಂದ ಜಾಗಗಳಲ್ಲಿ, ಅವು ಮೀಸಲು ನೆಲದ ಹೊರಗಿದ್ದರೂ, ಮೀನು ಹಿಡಿಯುವ ಹಕ್ಕು ತಮ್ಮಲ್ಲೇ ಉಳಿಯಬೇಕು. ಸ್ಟೀವನ್ಸ್‌ಗೂ ಇದರಲ್ಲಿ ನಷ್ಟ ಕಾಣಲಿಲ್ಲ. ಆ ಕಾಲದಲ್ಲಿ ವಲಸಿಗರು ತಿನ್ನುತ್ತಿದ್ದ ಮೀನನ್ನು ಹಿಡಿದು ತರುತ್ತಿದ್ದವರೇ ಇವರು. ಹೊಟ್ಟೆ ತಾವೇ ನೋಡಿಕೊಂಡರೆ ಸರ್ಕಾರಕ್ಕೂ ಖರ್ಚಿಲ್ಲ. ಆದರೆ ಹಕ್ಕನ್ನು ಬರೆಯುವಾಗ ಒಂದು ಬಾಲ ಸೇರಿಸಿದರು. ಈ ಹಕ್ಕು ಟೆರಿಟರಿಯ ಎಲ್ಲ ನಾಗರಿಕರೊಂದಿಗೆ ‘ಇನ್ ಕಾಮನ್ ವಿತ್’ ಇರತಕ್ಕದ್ದು.

ಈ ಮೂರು ಪದಗಳನ್ನು ಕನ್ನಡಕ್ಕೆ ತರಲು ಕೂತೆ. ‘ಎಲ್ಲರಂತೆ’ ಎಂದು ಬರೆದೆ, ಸರಿ ಅನ್ನಿಸಿತು. ಹೊಡೆದು ಹಾಕಿ ‘ಎಲ್ಲರೊಡನೆ’ ಎಂದು ಬರೆದೆ, ಅದೂ ಸರಿ ಅನ್ನಿಸಿತು. ಆದರೆ ಎರಡೂ ಒಂದೇ ಅಲ್ಲ. ಎಲ್ಲರಂತೆ ಎಂದರೆ ಊರಿಗೆ ಇರುವ ಕಾನೂನೇ ನಿನಗೂ. ಸಾಲಿನಲ್ಲಿ ನಿಲ್ಲು, ಉಳಿದರೆ ಸಿಗುತ್ತದೆ. ಎಲ್ಲರೊಡನೆ ಎಂದರೆ ಇಬ್ಬರೂ ಪಾಲುದಾರರು. ಒಬ್ಬರ ಪಾಲನ್ನು ಇನ್ನೊಬ್ಬರು ತಿಂದು ಮುಗಿಸುವಂತಿಲ್ಲ. ಮುಂದಿನ ನೂರ ಇಪ್ಪತ್ತು ವರ್ಷ ಇಲ್ಲಿನ ನದಿಗಳಲ್ಲಿ ನಡೆದ ಜಗಳವೆಲ್ಲ ಈ ಎರಡು ಕನ್ನಡ ಪದಗಳ ನಡುವಿನ ಜಗಳ.

ಇನ್ನೊಂದು ಸಂಗತಿ ಭಾಷೆಯ ಬಗ್ಗೆ ಆಸೆಯಿರುವ ಯಾರನ್ನಾದರೂ ನಿಲ್ಲಿಸುತ್ತದೆ. ಒಪ್ಪಂದವನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಅದನ್ನು ಬುಡಕಟ್ಟಿನವರಿಗೆ ವಿವರಿಸಿದ್ದು ಅವರ ನುಡಿಯಲ್ಲಲ್ಲ, ಚಿನೂಕ್ ಜಾರ್ಗನ್ ಎಂಬ ವ್ಯಾಪಾರದ ಬೆರಕೆ ಮಾತಿನಲ್ಲಿ. ಚಿನೂಕ್, ಇಂಗ್ಲಿಷ್, ಫ್ರೆಂಚ್ ಎಲ್ಲ ಕಲಸಿದ, ಕೆಲವು ನೂರು ಪದಗಳ ಮಾತು. ಚರ್ಮ ಕೊಟ್ಟು ಕಂಬಳಿ ಕೊಳ್ಳಲು ಸಾಕು. ಆಸ್ತಿ, ಹಕ್ಕು, ಪಾಲುಗಾರಿಕೆಯಂಥ ಸೂಕ್ಷ್ಮಗಳನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ಮೂರು ಪದಗಳ ಇಂಗ್ಲಿಷ್ ಅರ್ಥ ಆ ಬೆರಕೆ ಮಾತಿನ ಮೂಲಕ ದಾಟಿ ಕೇಳುವವರ ಕಿವಿಗೆ ಏನಾಗಿ ತಲುಪಿರಬಹುದು? ನಿಮ್ಮ ನದಿಯಲ್ಲಿ ನೀವು ಮೀನು ಹಿಡಿಯಬಹುದು, ನಮ್ಮವರೂ ಹಿಡಿಯುತ್ತಾರೆ ಎಂದಷ್ಟೇ ತಲುಪಿದ್ದೀತು. ಅಷ್ಟಕ್ಕೆ ಮುಖಂಡರು ಒಬ್ಬೊಬ್ಬರಾಗಿ ಇಂಟು ಗುರುತು ಹಾಕಿದರು.

ಕೊಟ್ಟ ನೆಲ ಸಾಲದೆಂದು ಮರುವರ್ಷವೇ ಯುದ್ಧವಾಯಿತು. ನಿಸ್ಕ್ವಾಲಿಗಳ ನಾಯಕ ಲೆಶಾಯ್‌ನನ್ನು 1858ರ ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. ಅವನು ನಿರ್ದೋಷಿ ಎಂದು ವಾಷಿಂಗ್ಟನ್ನಿನ ನ್ಯಾಯಾಧೀಶರು ಸೇರಿ ನಡೆಸಿದ ಚಾರಿತ್ರಿಕ ನ್ಯಾಯಾಲಯವೊಂದು ಹೇಳಿದ್ದು 2004ರಲ್ಲಿ.

ಮೀನು ಹೇರಳವಾಗಿದ್ದಷ್ಟು ದಿನ ಮೂರು ಪದಗಳ ಅರ್ಥವನ್ನು ಯಾರೂ ಕೆದಕಲಿಲ್ಲ. 1877ರಲ್ಲಿ ಈ ಕೊಲ್ಲಿಯ ಮೊದಲ ಕ್ಯಾನರಿ, ಅಂದರೆ ಮೀನನ್ನು ತಗಡಿನ ಡಬ್ಬಿಗೆ ತುಂಬುವ ಕಾರ್ಖಾನೆ ತೆರೆಯಿತು. ಡಬ್ಬಿಗೆ ಬಿದ್ದ ಸಾಲ್ಮನ್ ಕೊಳೆಯದೆ ಲೋಕವೆಲ್ಲ ಸುತ್ತಬಲ್ಲದು. ಕಡಲಿನಲ್ಲಿ ದೊಡ್ಡ ಬಲೆಗಳು ಬಂದವು. ಕಾಡು ಕಡಿದರು, ಹೊಳೆಗಳಿಗೆ ಅಡ್ಡ ಕಟ್ಟಿದರು. ಪ್ಯುಯಾಲಪ್‌ಗೆ ವಿದ್ಯುತ್ತಿಗಾಗಿ ಒಡ್ಡು ಬಿದ್ದದ್ದು 1904ರಲ್ಲಿ. ಮೀನು ಕಡಿಮೆಯಾದಾಗ ರಾಜ್ಯ ಸರ್ಕಾರಕ್ಕೆ ಸಂರಕ್ಷಣೆಯ ನೆನಪಾಯಿತು. ನದಿಯಲ್ಲಿ ಬಲೆ ಹಾಕುವುದನ್ನು ನಿಷೇಧಿಸಿತು.

ಇದರ ಜಾಣತನ ನನಗೆ ನಕ್ಷೆ ನೋಡಿದ ಮೇಲೆ ಹೊಳೆಯಿತು. ಸಾಲ್ಮನ್ ಕಡಲಿನಿಂದ ನದಿಗೆ ಬರುವ ಮೀನು. ಕಡಲಿನಲ್ಲಿ ವ್ಯಾಪಾರದ ದೋಣಿಗಳು, ಕೊಲ್ಲಿಯಲ್ಲಿ ಇನ್ನಷ್ಟು ದೋಣಿಗಳು, ಇವೆಲ್ಲ ತಮ್ಮದನ್ನು ತೆಗೆದುಕೊಂಡ ಮೇಲೆ ಉಳಿದ ಮೀನು ನದಿಗೆ ಹತ್ತುತ್ತದೆ. ಬುಡಕಟ್ಟಿನವರ ಬಲೆ ಇರುವುದು ನದಿಯಲ್ಲಿ, ಪಂಕ್ತಿಯ ಕೊನೆಯಲ್ಲಿ. ಮುಂದಿನವರೆಲ್ಲ ಉಂಡೆದ್ದ ಮೇಲೆ ಕೊನೆಯವನಿಗೆ, ಪಾತ್ರೆಯಲ್ಲಿ ಉಳಿದದ್ದು ನಾಳೆಯ ಬಿತ್ತನೆಗೆ, ಮುಟ್ಟಬೇಡ ಎಂದಂತಾಯಿತು. ಕಾನೂನು ಎಲ್ಲರಿಗೂ ಒಂದೇ ಎಂದು ಸರ್ಕಾರ ವಾದಿಸಿತು. ಬಿಳಿಯನಿಗೂ ನದಿಯಲ್ಲಿ ಬಲೆಯಿಲ್ಲ, ನಿನಗೂ ಇಲ್ಲ. ಎಲ್ಲರಂತೆ.

1945ರಲ್ಲಿ ನಿಸ್ಕ್ವಾಲಿ ನದಿಯ ದಡದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಬಲೆಯಿಂದ ಮೀನು ಬಿಡಿಸುತ್ತಿದ್ದಾಗ ಅಧಿಕಾರಿಗಳು ಹಿಡಿದರು. ಹೆಸರು ಬಿಲ್ಲಿ ಫ್ರಾಂಕ್. ಮುಂದೆ ಅವರು ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೆ ಒಳಗಾದರು. ಬಲೆ, ದೋಣಿ ಜಪ್ತಿಯಾಗುತ್ತಿದ್ದವು, ಬಿಡುಗಡೆಯಾಗಿ ಬಂದು ಮತ್ತೆ ಅದೇ ಜಾಗದಲ್ಲಿ ಬಲೆ ಹಾಕುತ್ತಿದ್ದರು. ಕರಿಯರ ಹೋರಾಟದ ‘ಸಿಟ್-ಇನ್’ ನೋಡಿ ಇವರು ‘ಫಿಶ್-ಇನ್’ ಶುರುಮಾಡಿದರು. ಅಂದರೆ ಬಂಧಿಸುತ್ತಾರೆಂದು ಗೊತ್ತಿದ್ದೇ ಹಾಡಹಗಲು ಮೀನು ಹಿಡಿಯುವುದು. 1964ರ ಮಾರ್ಚ್ 2ರಂದು, ನಾನು ಕಾಫಿ ಕುಡಿಯುತ್ತಾ ನಿಂತಿದ್ದ ಇದೇ ಪ್ಯುಯಾಲಪ್ ನದಿಗೆ ನಟ ಮರ್ಲಾನ್ ಬ್ರಾಂಡೋ ಬಂದು ಅವರೊಡನೆ ದೋಣಿ ಹತ್ತಿದ. ಪೊಲೀಸರು ಅವನನ್ನೂ ಹಿಡಿದರು, ಮೊಕದ್ದಮೆ ಹೂಡದೆ ಬಿಟ್ಟರು. ದೇಶದ ಪತ್ರಿಕೆಗಳು ಆಗ ಈ ನದಿಯ ಹೆಸರನ್ನು ಬರೆಯಲು ಕಲಿತವು.

1970ರಲ್ಲಿ ಇದೇ ನದಿಯ ದಡದಲ್ಲಿ ಬುಡಕಟ್ಟಿನವರು ಮೀನುಗಾರಿಕೆಯ ಬಿಡಾರ ಹಾಕಿದರು. ಸೆಪ್ಟೆಂಬರ್ 9ರಂದು ಪೊಲೀಸರು ಅಶ್ರುವಾಯು, ಲಾಠಿಗಳೊಂದಿಗೆ ನುಗ್ಗಿ ಮಕ್ಕಳೂ ಸೇರಿದಂತೆ ಸುಮಾರು 60 ಮಂದಿಯನ್ನು ಎಳೆದೊಯ್ದರು. ಕೇಂದ್ರ ಸರ್ಕಾರದ ವಕೀಲ ಸ್ಟ್ಯಾನ್ ಪಿಟ್ಕಿನ್ ಅಂದು ಅಲ್ಲೇ ಇದ್ದರು. ಅಶ್ರುವಾಯು ಅವರ ಕಣ್ಣಿಗೂ ಹೊಕ್ಕಿತು. ಒಂಬತ್ತು ದಿನಗಳ ನಂತರ, ಬುಡಕಟ್ಟುಗಳ ಪರವಾಗಿ ವಾಷಿಂಗ್ಟನ್ ರಾಜ್ಯದ ಮೇಲೆ ಅಮೆರಿಕ ಸರ್ಕಾರವೇ ದಾವೆ ಹೂಡಿತು.

ದಾವೆ ಜಾರ್ಜ್ ಬೋಲ್ಟ್ ಎಂಬ ನ್ಯಾಯಾಧೀಶರ ಮುಂದೆ ಬಂತು. ಶಿಸ್ತಿನ, ಸಂಪ್ರದಾಯಸ್ಥ ಮನುಷ್ಯ. ಬುಡಕಟ್ಟಿನವರಿಗೆ ಇವರಿಂದ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ಆದರೆ ಬೋಲ್ಟ್ ಕೂತು ಓದಿದರು. ಬುಡಕಟ್ಟಿನ ಹಿರಿಯರ ಸಾಕ್ಷಿ ಕೇಳಿದರು. ಬಾರ್ಬರಾ ಲೇನ್ ಎಂಬ ಮಾನವಶಾಸ್ತ್ರಜ್ಞೆ 1854ರ ದಾಖಲೆಗಳನ್ನು, ಚಿನೂಕ್ ಜಾರ್ಗನ್ನಿನ ಮಿತಿಯನ್ನು ಬಿಡಿಸಿ ಹೇಳಿದರು. 1974ರ ಫೆಬ್ರವರಿ 12ರಂದು ತೀರ್ಪು ಬಂತು. ‘ಇನ್ ಕಾಮನ್ ವಿತ್’ ಎಂದರೆ ಸಮನಾಗಿ ಹಂಚಿಕೊಳ್ಳುವುದು. ಮೊದಲು ಮೊಟ್ಟೆಯಿಡಲು ಬೇಕಾದಷ್ಟು ಮೀನನ್ನು ನದಿಗೆ ಬಿಡಬೇಕು. ಉಳಿದದ್ದರಲ್ಲಿ ಅರ್ಧ ಬುಡಕಟ್ಟುಗಳಿಗೆ, ಅರ್ಧ ಉಳಿದ ಎಲ್ಲರಿಗೆ. ಅಷ್ಟೇ ಅಲ್ಲ, ನದಿಯ ಮೀನನ್ನು ನೋಡಿಕೊಳ್ಳುವ ಹೊಣೆಯಲ್ಲೂ ಅವರು ಸರ್ಕಾರದ ಜೊತೆಗಾರರು. ಎಲ್ಲರೊಡನೆ.

ಈ ತೀರ್ಪಿನ ಹಿಂದೆ ಇನ್ನೂ ಹಳೆಯ ಒಂದು ಮಾತಿದೆ. 1905ರಲ್ಲಿ, ಇಂಥದೇ ಇನ್ನೊಂದು ಒಪ್ಪಂದದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು: ಒಪ್ಪಂದ ಎಂದರೆ ಬುಡಕಟ್ಟಿನವರಿಗೆ ಹಕ್ಕು ಕೊಟ್ಟದ್ದಲ್ಲ, ಅವರು ತಮ್ಮ ಹಕ್ಕುಗಳಲ್ಲಿ ಕೆಲವನ್ನು ಕೊಟ್ಟು, ಕೊಡದೆ ಉಳಿಸಿಕೊಂಡದ್ದು. ಇದನ್ನು ಓದಿದಾಗ ಜೇಬಿನ ಪರವಾನಗಿ ನೆನಪಾಯಿತು. ಅದರ ಮೇಲೆ ರಾಜ್ಯದ ಮುದ್ರೆ ಇದ್ದರೂ ಅದರ ಬೇರು 1854ರ ಇಂಟು ಗುರುತುಗಳಲ್ಲಿದೆ. ನದಿಯ ಒಡೆಯರು ಎಲ್ಲರನ್ನೂ ಪಾಲಿಗೆ ಸೇರಿಸಿಕೊಂಡರು. ಎಲ್ಲರಲ್ಲಿ ಸೊರಬದಿಂದ ಬಂದ ನಾನೂ ಒಬ್ಬ. ನಮ್ಮ ನೆರೆಯ ಉತ್ತರ ಕನ್ನಡದಲ್ಲಿ ಸೊಪ್ಪಿನಬೆಟ್ಟದಿಂದ ಸೊಪ್ಪು ತರುವುದು ಹಕ್ಕೋ, ಸರ್ಕಾರ ದಯಪಾಲಿಸಿದ ಸವಲತ್ತೋ ಎಂಬ ತಕರಾರು ಬ್ರಿಟಿಷರ ಕಾಲದಿಂದ ಇದೆ. ಹಕ್ಕು, ಸವಲತ್ತು ಎರಡೂ ಕೈಗೆ ಅದೇ ಸೊಪ್ಪನ್ನು ಕೊಡುತ್ತವೆ. ಕೇಳದೆ ಕಿತ್ತುಕೊಳ್ಳಬಹುದೋ ಇಲ್ಲವೋ ಎಂಬಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ತೀರ್ಪು ಬಂದ ಮೇಲೆ ಗಲಾಟೆಯಾಯಿತು. ಬೋಲ್ಟ್ ಅವರ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಕಾರುಗಳ ಹಿಂದೆ ಅವರನ್ನು ಬೈಯುವ ಚೀಟಿಗಳು ಅಂಟಿದವು. ರಾಜ್ಯ ಸರ್ಕಾರ ತೀರ್ಪನ್ನು ಜಾರಿ ಮಾಡಲು ಹಿಂದೇಟು ಹಾಕಿತು. ಕೊನೆಗೆ 1979ರ ಜುಲೈ 2ರಂದು ಸುಪ್ರೀಂ ಕೋರ್ಟ್ ಬೋಲ್ಟ್ ತೀರ್ಪಿನ ತಿರುಳನ್ನು ಎತ್ತಿಹಿಡಿಯಿತು. ಈ ನಡುವೆ ಎಷ್ಟೋ ಬಿಳಿಯ ಸಣ್ಣ ಮೀನುಗಾರರ ಬದುಕು ನಿಜವಾಗಿಯೂ ಮುರಿಯಿತು. ಅಜ್ಜನ ಅಪ್ಪ ದೋಣಿ ಮಾರಿದ್ದು ಆಗಲೇ. ಆ ಮನುಷ್ಯ ಯಾರ ಮೀನನ್ನೂ ಕದ್ದವನಲ್ಲ. ಸರ್ಕಾರ ಕೊಟ್ಟ ಪರವಾನಗಿಯಲ್ಲಿ ದುಡಿದವನು. ತನ್ನದಲ್ಲದ ಪಾಲನ್ನು ಸರ್ಕಾರ ಅಷ್ಟು ವರ್ಷ ಹಂಚಿತ್ತು, ಬಾಕಿ ತೀರಿಸುವ ಕಾಲ ಬಂದಾಗ ದೋಣಿಯಲ್ಲಿ ಕೂತಿದ್ದವನು ಇವನು.

ನಮ್ಮೂರಿನ ಕೆರೆಬೇಟೆ ನನಗೆ ಇಲ್ಲಿ ನೆನಪಾಗುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತುವ ಹೊತ್ತಿಗೆ ಊರಿನವರು ದಿನ ಗೊತ್ತು ಮಾಡುತ್ತಾರೆ. ಒಂದು ಕೂಣಿಗೆ ಇಷ್ಟು ಎಂದು ದುಡ್ಡು ಕಟ್ಟಿ ದಡದಲ್ಲಿ ಕಾದು ನಿಲ್ಲಬೇಕು. ಸೂಚನೆ ಕೊಟ್ಟ ಮೇಲೆ ಎಲ್ಲರೂ ಒಟ್ಟಿಗೇ ಇಳಿಯಬೇಕು. ಸಣ್ಣವನಿದ್ದಾಗ ನನಗೆ ಆ ಕಾಯುವುದೇ ಕಷ್ಟ. ನೀರು ಕಾಣುತ್ತಿದೆ, ಮೀನು ಎಗರುತ್ತಿದೆ, ಇಳಿಯುವಂತಿಲ್ಲ. “ಮೊದಲೇ ಇಳಿದವನಿಗೆ ಮೀನು ಸಿಗ್ತದೆ ಮಗಾ, ಮುಂದಿನ ವರ್ಷ ಕೆರೆ ಸಿಗೂದಿಲ್ಲ” ಎನ್ನುತ್ತಿದ್ದ ನನ್ನಜ್ಜ. ಇಲ್ಲಿನ ಜಗಳದಲ್ಲಿ ಕಡಲಿನ ದೋಣಿಗಳು ಮೊದಲೇ ಇಳಿದಿದ್ದವು.

ಅರ್ಧ ಸಿಕ್ಕಿತು ಎಂಬಲ್ಲಿಗೆ ಕಥೆ ಮುಗಿಯುವುದಿಲ್ಲ. ಮೀನೇ ಇಲ್ಲದಿದ್ದರೆ ಯಾತರ ಅರ್ಧ? 1999ರಲ್ಲಿ ಈ ಕೊಲ್ಲಿಯ ಚಿನೂಕ್ ಜಾತಿಯ ಸಾಲ್ಮನ್ ಅಳಿವಿನ ಭೀತಿಯ ಪಟ್ಟಿಗೆ ಸೇರಿತು. ರಸ್ತೆ ಕೆಳಗಿನ ಮೋರಿಗಳು ಮೀನಿನ ದಾರಿ ತಡೆಯುತ್ತಿವೆ ಎಂದು ಬುಡಕಟ್ಟುಗಳು ಮತ್ತೆ ನ್ಯಾಯಾಲಯಕ್ಕೆ ಹೋದವು, 2018ರಲ್ಲಿ ಗೆದ್ದವು. ರಾಜ್ಯ ಈಗ ಆ ಮೋರಿಗಳನ್ನು ಒಡೆದು ಸರಿಪಡಿಸುತ್ತಿದೆ. ಅಗಲವಾದ ಮೋರಿಯಲ್ಲಿ ಹತ್ತುವ ಮೀನು ಬುಡಕಟ್ಟಿನ ಬಲೆಗೂ ಬರುತ್ತದೆ, ನನ್ನ ಗಾಳಕ್ಕೂ ಬರುತ್ತದೆ. ಮಳೆ ಬಂದಾಗ ಕೋಹೋ ಸಾಲ್ಮನ್ ಮೊಟ್ಟೆಯಿಡುವ ಮೊದಲೇ ಸಾಯುವುದೇಕೆ ಎಂಬ ಹಳೆಯ ಒಗಟನ್ನು 2020ರಲ್ಲಿ ಇಲ್ಲಿನ ವಿಜ್ಞಾನಿಗಳು ಬಿಡಿಸಿದರು. ಕಾರಿನ ಟೈರು ಸವೆದು ರಸ್ತೆಯಲ್ಲಿ ಉಳಿಯುವ ಪುಡಿಯ ಒಂದು ರಾಸಾಯನಿಕ ಅವುಗಳಿಗೆ ವಿಷ. ನದಿಯ ಪಕ್ಕ ಒಂದು ದಿನ ನೆಮ್ಮದಿಯಾಗಿರಲು ನಾನು ಬಂದದ್ದೂ ಕಾರಿನಲ್ಲೇ.

ಆ ಗುರುವಾರ ಮಧ್ಯಾಹ್ನ ನನ್ನ ದಾರ ಒಮ್ಮೆ ಬಿಗಿಯಿತು. ತಳದ ಕಲ್ಲಿಗೆ ಸಿಕ್ಕಿತೆಂದುಕೊಂಡೆ. ಕಲ್ಲು ಹೊಳೆಯ ಮೇಲ್ಮುಖಕ್ಕೆ ಓಡಿತು. ರೀಲು ಕಿರುಚಿತು, ಅಜ್ಜ ತನ್ನ ಗಾಳ ಎಳೆದುಕೊಂಡು ದಾರಿ ಬಿಟ್ಟುಕೊಟ್ಟು, “ಸಡಿಲ ಬಿಡು, ಸಡಿಲ ಬಿಡು” ಎಂದು ಕೂಗಿದ. ಹತ್ತು ನಿಮಿಷದ ಮೇಲೆ ದಡದ ಹತ್ತಿರ ಒಂದು ಕೋಹೋ ಮಗ್ಗುಲಾಯಿತು. ಕಡಲಿನ ಬೆಳ್ಳಿ ಇನ್ನೂ ಮೈಯಿಂದ ಪೂರ್ತಿ ಹೋಗಿರಲಿಲ್ಲ. ಅಜ್ಜ ಬಗ್ಗಿ ಬೆನ್ನನ್ನು ನೋಡಿದ. ಬಾಲಕ್ಕಿಂತ ಸ್ವಲ್ಪ ಮುಂದೆ ಬೆರಳ ತುದಿಯಷ್ಟು ಒಂದು ರೆಕ್ಕೆ ಇತ್ತು. ಸಾಕಿ ಬಿಟ್ಟ ಮರಿಗಳಿಗೆ ಗುರುತಿಗೆಂದು ಅದನ್ನು ಕತ್ತರಿಸಿರುತ್ತಾರೆ. ಇದು ಹೊಳೆಯಲ್ಲೇ ಹುಟ್ಟಿದ್ದು, ಬಿಡಬೇಕು.

ನೀರಿನಿಂದ ಎತ್ತದೆ ಗಾಳ ಬಿಡಿಸಿದೆ. ತಲೆ ಪ್ರವಾಹಕ್ಕೆ ಎದುರಾಗಿರುವಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಿವಿರು ಮೆಲ್ಲಗೆ ತೆರೆದು ಮುಚ್ಚಿತು. ಕೈ ಮರಗಟ್ಟುವಷ್ಟು ಚಳಿ. ಇದ್ದಕ್ಕಿದ್ದಂತೆ ಬಾಲ ಬೀಸಿ ನನ್ನ ಮುಖಕ್ಕೆ ನೀರು ಎರಚಿ ಹೋಯಿತು.

ಸಾರಿಗೆ ಮೀನಿಲ್ಲವಾಯಿತಲ್ಲ ಎಂದೆ. ಅಜ್ಜ ತನ್ನ ಸಾಮಾನು ಕಟ್ಟುತ್ತಾ, ಕೆಳಗೆ ರಸ್ತೆ ಬದಿಯಲ್ಲಿ ಬುಡಕಟ್ಟಿನವರು ಮಂಜುಗಡ್ಡೆಯಲ್ಲಿಟ್ಟು ಮಾರುತ್ತಾರೆ, ಒಳ್ಳೆಯ ಮೀನು, ನಾನೂ ಅಲ್ಲೇ ಕೊಳ್ಳುವುದು ಎಂದ. ಅಪ್ಪ ಬದುಕಿರುವ ತನಕ ಮಾತ್ರ ಕೊಳ್ಳಲಿಲ್ಲವಂತೆ.

ನಾನು ಅಲ್ಲಿ ನಿಲ್ಲಿಸಿದೆ. ಒಬ್ಬ ಹೆಂಗಸು ಪೆಟ್ಟಿಗೆ ತೆರೆದು ಎರಡು ಮೀನು ತೋರಿಸಿದಳು. ಮೊನ್ನೆ ನಾವೇ ಹಿಡಿದದ್ದು, ಇದೇ ನದಿಯದು ಎಂದಳು. ಚಿಕ್ಕದನ್ನು ಆರಿಸಿಕೊಂಡೆ. ಊರಿನಿಂದ ತಂದಿದ್ದ ಮುರುಗಲ ಹುಳಿ ಮನೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.